ಕಂದಾಯ ಏರಿಸಲ್ಲ ಅಂತ ಜೈಲಿಗೆ ಹೋದ ಕೌನ್ಸಿಲರ್: ಲಂಡನ್ನಿನ ಜಾರ್ಜ್ ಲ್ಯಾನ್ಸ್‌ಬರಿ

ಪುರಸಭೆ ಬಜೆಟ್ ಸಭೆ ಅಂದ್ರೆ ನಮಗೆಲ್ಲ ಗೊತ್ತಿರೋ ಚಿತ್ರ ಒಂದೇ. ಮೇಲಿಂದ ಬರಬೇಕಾದ ಅನುದಾನ ಬಂದಿಲ್ಲ. ಬೀದಿದೀಪದ ಕರೆಂಟ್ ಬಿಲ್ ಬಾಕಿ. ಪೌರಕಾರ್ಮಿಕರ ಸಂಬಳಕ್ಕೆ ಒದ್ದಾಟ. ಕೊನೆಗೆ ಮಾತು ಬಂದು ನಿಲ್ಲೋದು ಮನೆ ಕಂದಾಯ, ಮಳಿಗೆ ಬಾಡಿಗೆ, ಲೈಸೆನ್ಸ್ ಫೀ ಏರಿಸೋದರ ಹತ್ತಿರ. ಕೊರತೆ ಎಲ್ಲಿ ಹುಟ್ಟಿದ್ದೇ ಇರಲಿ, ತುಂಬೋರು ಮಾತ್ರ ಊರಿನವರೇ.

ನೂರು ವರ್ಷದ ಹಿಂದೆ ಲಂಡನ್ ನಗರದ ಪೂರ್ವ ಭಾಗದಲ್ಲಿದ್ದ ಪಾಪ್ಲರ್ ಅನ್ನೋ ಬಡ ಊರಿಗೂ ಇದೇ ಪರಿಸ್ಥಿತಿ ಬಂದಿತ್ತು. ಅಲ್ಲಿನ ಕೌನ್ಸಿಲರ್‌ಗಳು ಜನರ ಮೇಲೆ ಇನ್ನಷ್ಟು ಕಂದಾಯ ಹಾಕೋಕೆ ಒಪ್ಪಲಿಲ್ಲ. ಕೋರ್ಟು ಆದೇಶ ಮಾಡಿದರೂ ಒಪ್ಪಲಿಲ್ಲ. 1921ರ ಸೆಪ್ಟೆಂಬರ್‌ನಲ್ಲಿ 30 ಜನ ಕೌನ್ಸಿಲರ್‌ಗಳು ಜೈಲಿಗೆ ಹೋದರು. ಅವರ ಮುಂದಾಳು ಜಾರ್ಜ್ ಲ್ಯಾನ್ಸ್‌ಬರಿ. ಆಗ ಅವರಿಗೆ 62 ವರ್ಷ.

ಯಾರಿವರು? ಯಾಕೆ ಹೀಗೆ ಮಾಡಿದರು? ಗೆದ್ದರಾ, ಸೋತರಾ? ಬಜೆಟ್ ಮಾತು ನಡೆಯೋ ಈ ಹೊತ್ತಿನಲ್ಲಿ ಇವರ ಬದುಕನ್ನು ಒಮ್ಮೆ ನೋಡೋದು ಒಳ್ಳೇದು.

ರೈಲ್ವೆ ಕೆಲಸಗಾರನ ಮಗ

ಲ್ಯಾನ್ಸ್‌ಬರಿ ಹುಟ್ಟಿದ್ದು 1859ರ ಫೆಬ್ರವರಿಯಲ್ಲಿ, ಇಂಗ್ಲೆಂಡಿನ ಸಫೊಕ್ ಕೌಂಟಿಯ ಹೇಲ್ಸ್‌ವರ್ತ್ ಅನ್ನೋ ಸಣ್ಣ ಊರಲ್ಲಿ. ಅಪ್ಪ ರೈಲ್ವೆ ಹಳಿ ಹಾಕೋ ಕೆಲಸದವರು. ಕೆಲಸ ಎಲ್ಲಿದೆಯೋ ಅಲ್ಲಿಗೆ ಸಂಸಾರ ಹೋಗಬೇಕು. ಹಾಗೆ ಊರೂರು ಸುತ್ತಿ 1868ರ ಹೊತ್ತಿಗೆ ಲಂಡನ್ನಿನ ಪೂರ್ವ ಭಾಗಕ್ಕೆ ಬಂದು ಸೇರಿದರು. ಆ ಭಾಗಕ್ಕೆ ಈಸ್ಟ್ ಎಂಡ್ ಅಂತಾರೆ. ಹಡಗುಕಟ್ಟೆ, ಗೋದಾಮು, ಕಾರ್ಖಾನೆ, ಇಕ್ಕಟ್ಟಿನ ಬಾಡಿಗೆ ಮನೆಗಳ ಜಾಗ.

1880ರಲ್ಲಿ ಬೆಸ್ಸಿ ಬ್ರೈನ್ ಜೊತೆ ಮದುವೆ ಆಯಿತು. ಹೆಂಡತಿ ಕಡೆಯವರದು ಮರ ಕೊಯ್ಯೋ ಮಿಲ್ಲು. ಮುಂದೆ ಈ ದಂಪತಿಗೆ 12 ಮಕ್ಕಳಾದರು.

1884ರಲ್ಲಿ ಲ್ಯಾನ್ಸ್‌ಬರಿ ಹೆಂಡತಿ, ಪುಟ್ಟ ಮಕ್ಕಳನ್ನು ಕರ್ಕೊಂಡು ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದರು. ಅಲ್ಲಿ ಕೈತುಂಬ ಕೆಲಸ, ಬೇಕಾದಷ್ಟು ಭೂಮಿ ಇದೆ ಅಂತ ಆಗ ಭಾರೀ ಪ್ರಚಾರ. ಹೋಗಿ ನೋಡಿದರೆ ಬ್ರಿಸ್ಬೇನ್‌ನಲ್ಲಿ ಕೆಲಸವೇ ಇಲ್ಲ. ಜಲ್ಲಿ ಒಡೆದರು, ಕಸಾಯಿಖಾನೆಯಲ್ಲಿ ದುಡಿದರು, ತೋಟದಲ್ಲಿ ಕೂಲಿ ಮಾಡಿದರು. ಹೊಟ್ಟೆ ತುಂಬಲಿಲ್ಲ. ಕೊನೆಗೆ ಮಾವ ಟಿಕೆಟ್ ದುಡ್ಡು ಕಳಿಸಿದ ಮೇಲೆ 1885ರಲ್ಲಿ ಬರಿಗೈಲಿ ವಾಪಸ್ ಬಂದು ಮಾವನ ಮಿಲ್ಲಿನಲ್ಲೇ ಕೆಲಸಕ್ಕೆ ಸೇರಿಕೊಂಡರು.

ಈ ಪೆಟ್ಟು ಅವರನ್ನು ರಾಜಕೀಯಕ್ಕೆ ತಂದಿತು. ಬಡವರನ್ನು ಸುಳ್ಳು ಹೇಳಿ ಹಡಗು ಹತ್ತಿಸಬೇಡಿ ಅಂತ ಊರೂರಲ್ಲಿ ಭಾಷಣ ಮಾಡಿದರು. ಮೊದಲು ಲಿಬರಲ್ ಪಕ್ಷದ ಚುನಾವಣಾ ಏಜೆಂಟ್ ಆಗಿದ್ದವರು. ಆ ಪಕ್ಷ ಕೂಲಿಕಾರರ ಮಾತು ಕೇಳಲ್ಲ ಅನ್ನಿಸಿದಾಗ 1892ರಲ್ಲಿ ಸಮಾಜವಾದಿಗಳ ಕಡೆ ಬಂದರು.

ಗಂಜಿಯಲ್ಲಿ ಇಲಿ ಹಿಕ್ಕೆ

ಅವರು ಗೆದ್ದ ಮೊದಲ ಚುನಾವಣೆ ಪಾರ್ಲಿಮೆಂಟಿನದಲ್ಲ. 1893ರಲ್ಲಿ ಪಾಪ್ಲರ್‌ನ ಬಡವರ ಪರಿಹಾರ ಮಂಡಳಿಗೆ ಸದಸ್ಯರಾದರು. ಆಗ ಇಂಗ್ಲೆಂಡಿನಲ್ಲಿ ಕೆಲಸ ಕಳೆದುಕೊಂಡವರು, ವಯಸ್ಸಾದವರು, ಅನಾಥರು ಎಲ್ಲರನ್ನೂ ನೋಡ್ಕೊಳ್ಳೋದು ಈ ಸ್ಥಳೀಯ ಮಂಡಳಿಗಳ ಹೊಣೆ. ಅದಕ್ಕೆ ವರ್ಕ್‌ಹೌಸ್ ಅಂತ ಕಟ್ಟಡಗಳಿದ್ದವು. ಒಳಗೆ ಹೋದರೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಎಲ್ಲರಿಗೂ ಒಂದೇ ಗುರುತಿನ ಬಟ್ಟೆ. ಬಡವನಿಗೆ ನಾಚಿಕೆ ಆಗಬೇಕು, ಇನ್ನೊಂದು ಸಲ ಇತ್ತ ತಲೆ ಹಾಕಬಾರದು ಅನ್ನೋ ಲೆಕ್ಕದಲ್ಲೇ ಆ ವ್ಯವಸ್ಥೆ ಮಾಡಿದ್ದು.

ಲ್ಯಾನ್ಸ್‌ಬರಿ ಅಲ್ಲಿಗೆ ಹೋಗಿ ಅಡುಗೆ ನೋಡಿದರು. ಗಂಜಿಯಲ್ಲಿ ಇಲಿ ಹಿಕ್ಕೆ. ಅಲ್ಲಿನ ಮೇಲ್ವಿಚಾರಕರನ್ನು ಕರೆಸಿ ಇದನ್ನು ನೀವು ತಿನ್ನಿ ನೋಡೋಣ ಅಂದರಂತೆ. ಮುಂದಿನ ವರ್ಷಗಳಲ್ಲಿ ಅವರೂ, ಅದೇ ಮಂಡಳಿಯಲ್ಲಿದ್ದ ವಿಲ್ ಕ್ರೂಕ್ಸ್ ಅನ್ನೋರೂ ಸೇರಿ ಊಟ ಸರಿ ಮಾಡಿಸಿದರು, ಗುರುತಿನ ಬಟ್ಟೆ ತೆಗೆಸಿದರು, ಮಕ್ಕಳ ಶಾಲೆ ಸುಧಾರಿಸಿದರು. ಕ್ರೂಕ್ಸ್ ಸಣ್ಣವರಿದ್ದಾಗ ಇದೇ ವರ್ಕ್‌ಹೌಸ್ ಬಾಗಿಲು ದಾಟಿದವರು. ಆ ನೋವು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇದಕ್ಕೆ ವಿರೋಧವೂ ಇತ್ತು. ಖರ್ಚು ಜಾಸ್ತಿ ಆಯಿತು, ಕಂದಾಯ ಕಟ್ಟೋರ ದುಡ್ಡು ಪೋಲು ಅಂತ ಆಸ್ತಿದಾರರು, ಕೆಲವು ವ್ಯಾಪಾರಿಗಳು ದೂರು ಕೊಟ್ಟರು. 1906ರಲ್ಲಿ ಸರ್ಕಾರ ತನಿಖೆಯನ್ನೂ ಮಾಡಿಸಿತು. ಆದರೆ ಅಷ್ಟರಲ್ಲಿ ಲ್ಯಾನ್ಸ್‌ಬರಿಗೆ ಈ ವಿಷಯದಲ್ಲಿ ದೇಶದಲ್ಲೇ ಹೆಸರು ಬಂದಿತ್ತು. ಬಡವರ ಕಾನೂನು ಪರಿಶೀಲಿಸೋಕೆ 1905ರಲ್ಲಿ ನೇಮಿಸಿದ ರಾಯಲ್ ಕಮಿಷನ್ನಿಗೆ ಅವರನ್ನೂ ಸದಸ್ಯರನ್ನಾಗಿ ಹಾಕಿದ್ದರು. ಆ ಕಾನೂನನ್ನೇ ತೆಗೆದುಹಾಕಿ ಅಂತ 1909ರಲ್ಲಿ ಬಂದ ಅಲ್ಪಮತದ ವರದಿಗೆ ಸಹಿ ಹಾಕಿದವರಲ್ಲಿ ಇವರೂ ಒಬ್ಬರು.

ಗೆದ್ದ ಸೀಟು ಬಿಟ್ಟುಕೊಟ್ಟವರು

1910ರ ಡಿಸೆಂಬರ್ ಚುನಾವಣೆಯಲ್ಲಿ ಬೋ ಅಂಡ್ ಬ್ರಾಮ್ಲಿ ಕ್ಷೇತ್ರದಿಂದ ಗೆದ್ದು ಲ್ಯಾನ್ಸ್‌ಬರಿ ಎಂಪಿ ಆದರು. ಎರಡೇ ವರ್ಷ. ಹೆಂಗಸರಿಗೆ ವೋಟು ಕೊಡಿ ಅನ್ನೋ ಹೋರಾಟ ಆಗ ಜೋರಾಗಿತ್ತು. ಈ ವಿಷಯದಲ್ಲಿ ಸ್ವಂತ ಪಕ್ಷ ಗಟ್ಟಿಯಾಗಿ ನಿಲ್ಲಲಿಲ್ಲ ಅಂತ 1912ರಲ್ಲಿ ರಾಜೀನಾಮೆ ಕೊಟ್ಟು, ಇದೊಂದೇ ವಿಷಯ ಇಟ್ಕೊಂಡು ಮರು ಚುನಾವಣೆಗೆ ನಿಂತರು. ಸೋತರು. ಮತ್ತೆ ಪಾರ್ಲಿಮೆಂಟಿಗೆ ಹೋಗೋಕೆ 10 ವರ್ಷ ಕಾಯಬೇಕಾಯಿತು.

ಮರು ವರ್ಷ ಹೆಣ್ಣುಮಕ್ಕಳ ಹೋರಾಟದ ಪರ ಮಾಡಿದ ಭಾಷಣಕ್ಕೆ ಜೈಲು. ಅಲ್ಲಿ ಉಪವಾಸ ಕೂತರು, ಸರ್ಕಾರ ಬಿಡುಗಡೆ ಮಾಡಬೇಕಾಯಿತು. ಅದೇ ಹೊತ್ತಿಗೆ ಡೈಲಿ ಹೆರಾಲ್ಡ್ ಅನ್ನೋ ಪತ್ರಿಕೆಯ ಸಂಪಾದಕರೂ ಆದರು. ಕಾಗದಕ್ಕೆ ದುಡ್ಡಿಲ್ಲದೆ, ಅಲ್ಲಿ ಇಲ್ಲಿ ಸಾಲ ಮಾಡಿ ನಡೆಸಿದ ಪತ್ರಿಕೆ ಅದು. ಮೊದಲ ಮಹಾಯುದ್ಧ ಶುರುವಾದಾಗ ಯುದ್ಧ ಬೇಡ ಅಂತ ಬರೆದ ಕೆಲವೇ ಪತ್ರಿಕೆಗಳಲ್ಲಿ ಅದೂ ಒಂದು.

ಇಷ್ಟೆಲ್ಲ ಆದರೂ ಅವರು ಪಾಪ್ಲರ್ ಬಿಟ್ಟು ಹೋಗಲಿಲ್ಲ. 1903ರಿಂದ ಅಲ್ಲಿನ ಬರೋ ಕೌನ್ಸಿಲ್ ಸದಸ್ಯ. ಬರೋ ಅಂದ್ರೆ ನಮ್ಮ ಪುರಸಭೆ, ನಗರಸಭೆ ಇದ್ದ ಹಾಗೆ. ಆಗ ಲಂಡನ್ನಿನಲ್ಲಿ ಇಂಥ 28 ಬರೋಗಳು. ಅವುಗಳ ಮೇಲೆ ಇಡೀ ನಗರಕ್ಕೆ ಲಂಡನ್ ಕೌಂಟಿ ಕೌನ್ಸಿಲ್. 1919ರ ನವೆಂಬರ್ ಚುನಾವಣೆಯಲ್ಲಿ ಪಾಪ್ಲರ್‌ನ 42 ಸೀಟಿನಲ್ಲಿ 39 ಸೀಟು ಲೇಬರ್ ಪಕ್ಷಕ್ಕೆ ಬಂತು. ಲ್ಯಾನ್ಸ್‌ಬರಿ ಮೇಯರ್ ಆದರು. ಗೆದ್ದವರಲ್ಲಿ ಹಡಗುಕಟ್ಟೆ ಕೂಲಿಗಳು, ರೈಲ್ವೆ ನೌಕರರು, ಕಾರ್ಮಿಕ ಸಂಘದವರೇ ಹೆಚ್ಚು. ಬಾಣಂತಿಯರಿಗೆ, ಕೂಸುಗಳಿಗೆ ಕ್ಲಿನಿಕ್, ಹೊಸ ಮನೆ, ಸ್ನಾನಗೃಹ, ಲೈಬ್ರರಿ ಅಂತ ಕೆಲಸ ಶುರು ಮಾಡಿದರು. ಕೌನ್ಸಿಲ್ ಕೆಲಸಗಾರರಿಗೆ ವಾರಕ್ಕೆ ಕನಿಷ್ಠ 4 ಪೌಂಡ್ ಸಂಬಳ ಅಂತ ತೀರ್ಮಾನ ಆಯಿತು. ಗಂಡಸಿಗೂ ಅಷ್ಟೇ, ಹೆಂಗಸಿಗೂ ಅಷ್ಟೇ.

ಬಡವರ ಭಾರ ಬಡವರ ಮೇಲೇ

ಇಲ್ಲಿಂದ ಕಥೆ ಸ್ವಲ್ಪ ಲೆಕ್ಕಾಚಾರದ್ದು. ಆದರೆ ಅರ್ಥ ಮಾಡ್ಕೊಳ್ಳೋಕೆ ಕಷ್ಟ ಏನಿಲ್ಲ.

ನಿಮ್ಮ ಮನೆ ಅಥವಾ ಅಂಗಡಿಯ ಕಂದಾಯ ರಸೀದಿ ತೆಗೆದು ನೋಡಿ. ಆಸ್ತಿ ತೆರಿಗೆ ಕೆಳಗೆ ಗ್ರಂಥಾಲಯ ಕರ, ಆರೋಗ್ಯ ಕರ, ಭಿಕ್ಷುಕರ ಕರ ಅಂತ ಸಾಲುಗಳಿರುತ್ತವೆ. ಗ್ರಂಥಾಲಯದ್ದು, ಭಿಕ್ಷುಕರದ್ದು ಪುರಸಭೆ ಇಟ್ಕೊಳ್ಳೋ ದುಡ್ಡಲ್ಲ. ವಸೂಲಿ ಮಾಡಿ ಬೇರೆಯವರಿಗೆ ಕಟ್ಟೋ ದುಡ್ಡು. ಪಾಪ್ಲರ್ ಕೌನ್ಸಿಲ್ ಕೂಡ ಹೀಗೇ ನಾಲ್ಕು ದೊಡ್ಡ ಸಂಸ್ಥೆಗಳಿಗೆ ವಸೂಲಿ ಮಾಡಿ ಕೊಡಬೇಕಿತ್ತು. ಲಂಡನ್ ಕೌಂಟಿ ಕೌನ್ಸಿಲ್, ಪೊಲೀಸ್, ನೀರಿನ ಮಂಡಳಿ, ಮತ್ತು ಸಾಂಕ್ರಾಮಿಕ ರೋಗದ ಆಸ್ಪತ್ರೆಗಳನ್ನು ನಡೆಸೋ ಮಂಡಳಿ.

ಇದರ ಜೊತೆಗೆ ತನ್ನ ಊರಿನ ಬಡವರ ಪರಿಹಾರದ ಖರ್ಚು ಬೇರೆ. ಸಮಸ್ಯೆ ಹುಟ್ಟಿದ್ದೇ ಅಲ್ಲಿ. 1921ರ ಹೊತ್ತಿಗೆ ಯುದ್ಧಾನಂತರದ ಮಂದಿ ಶುರುವಾಗಿ ಬ್ರಿಟನ್ನಿನಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ನಿರುದ್ಯೋಗಿಗಳು. ಹಡಗು ಬರೋದು ಕಡಿಮೆಯಾದರೆ ಪಾಪ್ಲರ್‌ನಲ್ಲಿ ಒಲೆ ಉರಿಯಲ್ಲ. ವರ್ಕ್‌ಹೌಸ್ ಒಳಗಿದ್ದವರ ಖರ್ಚನ್ನು ಇಡೀ ಲಂಡನ್ ಹಂಚಿಕೊಳ್ಳೋಕೆ ಒಂದು ಸಾಮಾನ್ಯ ನಿಧಿ ಇತ್ತು. ಆದರೆ ಮನೆಯಲ್ಲೇ ಇರೋ ನಿರುದ್ಯೋಗಿ ಸಂಸಾರಕ್ಕೆ ಕೊಡೋ ಪರಿಹಾರ ಪೂರ್ತಿ ಆಯಾ ಊರಿನ ತಲೆ ಮೇಲೆ. ಅಂದ್ರೆ ನಿರುದ್ಯೋಗಿಗಳು ಎಲ್ಲಿ ಜಾಸ್ತಿಯೋ ಅಲ್ಲಿ ಕಂದಾಯವೂ ಜಾಸ್ತಿ.

ಇನ್ನೊಂದು ವಿಷಯ. ಕಂದಾಯ ಲೆಕ್ಕ ಹಾಕೋದು ಕಟ್ಟಡದ ಬಾಡಿಗೆ ಬೆಲೆ ಮೇಲೆ. ಒಂದು ಉದಾಹರಣೆ ತಗೊಳ್ಳಿ. ಎರಡು ಊರಿಗೂ 1 ಲಕ್ಷ ರೂಪಾಯಿ ಬೇಕು. ಒಂದು ಊರಿನ ಆಸ್ತಿಗಳ ಒಟ್ಟು ಬಾಡಿಗೆ ಬೆಲೆ 1 ಕೋಟಿ, ಇನ್ನೊಂದರದ್ದು 10 ಲಕ್ಷ. ಮೊದಲ ಊರಿನಲ್ಲಿ ನೂರಕ್ಕೆ 1 ರೂಪಾಯಿ ಹಾಕಿದರೆ ಸಾಕು. ಎರಡನೇ ಊರಿನಲ್ಲಿ ನೂರಕ್ಕೆ 10 ರೂಪಾಯಿ ಹಾಕಬೇಕು. ಲಂಡನ್ನಿನ ಶ್ರೀಮಂತ ಬರೋ ವೆಸ್ಟ್‌ಮಿನ್‌ಸ್ಟರ್‌ಗೂ ಪಾಪ್ಲರ್‌ಗೂ ಇದ್ದ ವ್ಯತ್ಯಾಸ ಹೆಚ್ಚುಕಮ್ಮಿ ಹೀಗೇ. ಒಂದೇ ದರದಲ್ಲಿ ಕಂದಾಯ ಹಾಕಿದರೆ ವೆಸ್ಟ್‌ಮಿನ್‌ಸ್ಟರ್‌ಗೆ ಪಾಪ್ಲರ್‌ಗಿಂತ 8 ಪಟ್ಟಿಗೂ ಹೆಚ್ಚು ದುಡ್ಡು ಬರುತ್ತಿತ್ತು. ಮೇಲಾಗಿ ಅಲ್ಲಿ ನಿರುದ್ಯೋಗಿಗಳೂ ಕಡಿಮೆ.

ಪಾಪ್ಲರ್ ಕೌನ್ಸಿಲ್ ಮುಂದೆ ಇದ್ದಿದ್ದು ಎರಡೇ ದಾರಿ. ಬಡವರಿಗೆ ಕೊಡೋ ಪರಿಹಾರ ಕಡಿತ ಮಾಡೋದು, ಇಲ್ಲವೇ ಆಗಲೇ ಸೋತಿರೋ ಬಾಡಿಗೆದಾರ, ಸಣ್ಣ ಅಂಗಡಿಯವನ ಮೇಲೆ ಇನ್ನೂ ಕಂದಾಯ ಹೇರೋದು. 1921ರ ಮಾರ್ಚ್‌ನಲ್ಲಿ ಕೌನ್ಸಿಲ್ ಮೂರನೇ ದಾರಿ ಹಿಡಿಯಿತು. ನಮ್ಮ ಊರಿನ ಖರ್ಚಿಗೆ, ನಮ್ಮ ಬಡವರಿಗೆ ಎಷ್ಟು ಬೇಕೋ ಅಷ್ಟು ಕಂದಾಯ ಹಾಕ್ತೀವಿ. ಮೇಲಿನ ನಾಲ್ಕು ಸಂಸ್ಥೆಗಳ ಪಾಲನ್ನು ವಸೂಲೇ ಮಾಡಲ್ಲ. ಶ್ರೀಮಂತ ಬರೋಗಳು ಭಾರ ಹಂಚಿಕೊಳ್ಳೋ ತನಕ ಇದೇ ನಿಲುವು ಅಂತ ತೀರ್ಮಾನ ಮಾಡಿದರು. ಆ ನಾಲ್ಕು ಸಂಸ್ಥೆಗಳ ಪಾಲು ಎಲ್ಲ ಬರೋಗಳಿಗೂ ಆಸ್ತಿ ಬೆಲೆ ನೋಡಿಯೇ ಹಾಕಿದ್ದು, ಅದರಲ್ಲಿ ದೊಡ್ಡ ಅನ್ಯಾಯ ಇರಲಿಲ್ಲ. ಅನ್ಯಾಯ ಇದ್ದಿದ್ದು ಬಡವರ ಪರಿಹಾರದ ಲೆಕ್ಕದಲ್ಲಿ. ಆದರೆ ಸರ್ಕಾರದ ಕಿವಿ ಹಿಂಡೋಕೆ ಪಾಪ್ಲರ್ ಕೈಗೆ ಸಿಕ್ಕ ಹಗ್ಗ ಇದೊಂದೇ.

ಬ್ಯಾಂಡ್ ಬಾರಿಸ್ಕೊಂಡು ಕೋರ್ಟಿಗೆ

ಕೌಂಟಿ ಕೌನ್ಸಿಲ್ ಸುಮ್ಮನಿರಲಿಲ್ಲ. ಹೈಕೋರ್ಟಿಗೆ ಹೋಯಿತು. 1921ರ ಜುಲೈ 29ಕ್ಕೆ ವಿಚಾರಣೆ. ಅವತ್ತು ಪಾಪ್ಲರ್ ಕೌನ್ಸಿಲರ್‌ಗಳು ಕಾರಿನಲ್ಲಿ ಹೋಗಲಿಲ್ಲ. ಮುಂದೆ ಬ್ಯಾಂಡ್ ಸೆಟ್ಟು, ಕೌನ್ಸಿಲ್ಲಿನ ಅಧಿಕಾರದ ದಂಡ ಹಿಡಿದವರು, ಕೊರಳಲ್ಲಿ ಪದಕದ ಸರ ಹಾಕ್ಕೊಂಡ ಮೇಯರ್ ಸ್ಯಾಮ್ ಮಾರ್ಚ್, ಹಿಂದೆ ಸುಮಾರು 2,000 ಜನ. ಹೈಕೋರ್ಟಿಗೆ ಹೊರಟಿದ್ದೇವೆ, ಅಲ್ಲಿಂದ ಜೈಲಿಗೂ ಹೋಗಬಹುದು ಅಂತ ದೊಡ್ಡ ಬ್ಯಾನರ್ ಕಟ್ಟಿಕೊಂಡು ನಡೆದೇ ಹೋದರು. ನಮ್ಮ ಊರ ಜಾತ್ರೆಯ ಮೆರವಣಿಗೆ ನೋಡಿದವರಿಗೆ ಆ ದೃಶ್ಯ ಕಣ್ಣಿಗೆ ಕಟ್ಟುತ್ತೆ.

ಕೋರ್ಟು ಕಾನೂನಿನ ಪ್ರಕಾರ ದುಡ್ಡು ಕಟ್ಟಿ ಅಂತ ಆದೇಶ ಮಾಡಿತು. ಕೌನ್ಸಿಲರ್‌ಗಳು ಕಟ್ಟಲಿಲ್ಲ. ನ್ಯಾಯಾಂಗ ನಿಂದನೆ ಆಯಿತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಒಬ್ಬೊಬ್ಬರನ್ನಾಗಿ ಬಂಧಿಸಿದರು. 25 ಗಂಡಸರನ್ನು ಬ್ರಿಕ್ಸ್‌ಟನ್ ಜೈಲಿಗೆ, 5 ಹೆಂಗಸರನ್ನು ಹಾಲೊವೇ ಜೈಲಿಗೆ ಹಾಕಿದರು.

ಆ ಐವರು ಹೆಂಗಸರ ಹೆಸರು ಹೇಳಲೇಬೇಕು. ಸೂಸನ್ ಲಾರೆನ್ಸ್, ಜೂಲಿಯಾ ಸ್ಕರ್, ಜೆನ್ನಿ ಮೆಕೆ, ನೆಲ್ಲಿ ಕ್ರೆಸಾಲ್, ಮಿನ್ನಿ ಲ್ಯಾನ್ಸ್‌ಬರಿ. ಸೂಸನ್ ಲಾರೆನ್ಸ್ ಸ್ವತಃ ಲಂಡನ್ ಕೌಂಟಿ ಕೌನ್ಸಿಲ್ ಸದಸ್ಯೆ ಕೂಡ. ಅಂದ್ರೆ ತಾನೇ ಸದಸ್ಯೆಯಾಗಿದ್ದ ಸಂಸ್ಥೆ ಹಾಕಿದ ಕೇಸಿನಲ್ಲಿ ಜೈಲು ಸೇರಿದರು. ನೆಲ್ಲಿ ಕ್ರೆಸಾಲ್ ತುಂಬು ಗರ್ಭಿಣಿ. ಮಿನ್ನಿ ಲ್ಯಾನ್ಸ್‌ಬರಿಯವರ ಸೊಸೆ, ಮಗ ಎಡ್ಗರ್‌ನ ಹೆಂಡತಿ. ಎಡ್ಗರ್ ಕೂಡ ಕೌನ್ಸಿಲರ್, ಅವರೂ ಒಳಗೆ. ಹೀಗೆ ಅಪ್ಪ, ಮಗ, ಸೊಸೆ ಮೂವರೂ ಒಂದೇ ಕೇಸಿನಲ್ಲಿ ಜೈಲುಪಾಲು.

ಜೈಲಿನ ಒಳಗೇ ಕೌನ್ಸಿಲ್ ಸಭೆ

ಮೊದಮೊದಲು ಜೈಲು ಅಂದ್ರೆ ಜೈಲೇ. ಕೆಟ್ಟ ಊಟ, ಬಾಗಿಲು ಹಾಕಿದ ಕೋಣೆ. ಆದರೆ ಇವರು ಸುಮ್ಮನೆ ಕೂರೋ ಪೈಕಿ ಅಲ್ಲ. ಜಗಳ ಮಾಡಿ ಒಂದೊಂದೇ ಸೌಲಭ್ಯ ಪಡೆದರು. ಕೊನೆಗೆ ಬ್ರಿಕ್ಸ್‌ಟನ್ ಜೈಲಿನಲ್ಲೇ ಕೌನ್ಸಿಲ್ ಸಭೆ ನಡೆಸೋಕೆ ಅನುಮತಿ ಸಿಕ್ಕಿತು. ಹೆಂಗಸರನ್ನು ಹಾಲೊವೇಯಿಂದ ಗಾಡಿಯಲ್ಲಿ ಕರ್ಕೊಂಡು ಬರ್ತಿದ್ದರು. ಊರಿನ ಆಡಳಿತ ಜೈಲಿನಿಂದ ನಡೆಯಿತು.

ಸಂಜೆ ಹೊತ್ತು ಜನ ಜೈಲಿನ ಗೋಡೆ ಹತ್ತಿರ ಬಂದು ಸೇರೋರು, ಹಾಡೋರು. ಲ್ಯಾನ್ಸ್‌ಬರಿ ಕಿಟಕಿಯ ಕಂಬಿ ಹಿಂದಿನಿಂದಲೇ ಗಟ್ಟಿ ದನಿಯಲ್ಲಿ ಭಾಷಣ ಮಾಡೋರು. ಹೊರಗೆ ಕಾರ್ಮಿಕ ಸಂಘಗಳು ಬೆಂಬಲ ಕೊಟ್ಟವು. ಪಕ್ಕದ ಬೆತ್ನಲ್ ಗ್ರೀನ್, ಸ್ಟೆಪ್ನಿ ಬರೋಗಳು ನಾವೂ ಇದೇ ದಾರಿ ಹಿಡೀತೀವಿ ಅಂತ ನಿರ್ಣಯ ಮಾಡಿದವು. ಸರ್ಕಾರಕ್ಕೆ ಬಿಸಿ ತಟ್ಟಿದ್ದು ಆಗಲೇ. ಒಂದು ಊರಿನವರನ್ನು ಜೈಲಿಗೆ ಹಾಕಬಹುದು, ಸಾಲಾಗಿ ನಿಂತ ಊರುಗಳನ್ನು ಏನು ಮಾಡೋದು?

ಲೇಬರ್ ಪಕ್ಷದ ಒಳಗೇ ಎಲ್ಲರೂ ಒಪ್ಪಿರಲಿಲ್ಲ ಅನ್ನೋದನ್ನೂ ಹೇಳಬೇಕು. ಹ್ಯಾಕ್ನಿ ಬರೋದ ಮೇಯರ್ ಆಗಿದ್ದ ಹರ್ಬರ್ಟ್ ಮಾರಿಸನ್ ಇದನ್ನು ವಿರೋಧಿಸಿದರು. ಕಾನೂನು ಮುರಿಯೋ ಪಕ್ಷ ಅಂತ ಹೆಸರು ಬಂದರೆ ನಾಳೆ ನಮಗೆ ಯಾರು ಅಧಿಕಾರ ಕೊಡ್ತಾರೆ ಅನ್ನೋದು ಅವರ ವಾದ. ಆ ಮಾತನ್ನು ತೆಗೆದುಹಾಕೋ ಹಾಗಿಲ್ಲ. ನೀರಿನ ಮಂಡಳಿಗೆ, ಆಸ್ಪತ್ರೆಗೆ ಎಲ್ಲ ಊರುಗಳೂ ದುಡ್ಡು ನಿಲ್ಲಿಸಿದರೆ ಕೊನೆಗೆ ನಲ್ಲಿ ಒಣಗೋದು ಬಡವರ ಮನೆಯಲ್ಲೇ.

ಆರು ವಾರ ಆಯಿತು. ನೆಲ್ಲಿ ಕ್ರೆಸಾಲ್ ಅವರನ್ನು ಮೊದಲೇ ಬಿಟ್ಟಿದ್ದರು. ಉಳಿದವರನ್ನು 1921ರ ಅಕ್ಟೋಬರ್ 12ರಂದು ಬಿಡುಗಡೆ ಮಾಡಿದರು. ಅವರು ಕ್ಷಮೆ ಕೇಳಿರಲಿಲ್ಲ, ಬಾಕಿ ದುಡ್ಡೂ ಕಟ್ಟಿರಲಿಲ್ಲ. ಕೆಲವೇ ವಾರದಲ್ಲಿ ಪಾರ್ಲಿಮೆಂಟ್ ಸ್ಥಳೀಯ ಸಂಸ್ಥೆಗಳ ಹಣಕಾಸಿನ ಬಗ್ಗೆ ಹೊಸ ಕಾಯ್ದೆ ತಂದಿತು. ಮನೆಯಲ್ಲಿರೋ ನಿರುದ್ಯೋಗಿ ಸಂಸಾರಗಳಿಗೆ ಕೊಡೋ ಪರಿಹಾರವೂ ಲಂಡನ್ನಿನ ಸಾಮಾನ್ಯ ನಿಧಿಯಿಂದ ಬರಬೇಕು ಅಂತ ಆಯಿತು. ಶ್ರೀಮಂತ ಬರೋಗಳು ಕೊಡಬೇಕು, ಬಡ ಬರೋಗಳಿಗೆ ಸಿಗಬೇಕು. ಪಾಪ್ಲರ್ ಕೇಳಿದ್ದೂ ಅದನ್ನೇ.

ಗೆಲುವಿಗೆ ತೆತ್ತ ಬೆಲೆ

ಮೆರವಣಿಗೆ, ಹಾರ ಎಲ್ಲ ಆಯಿತು. ಮೂರು ತಿಂಗಳು ಕಳೆಯೋದರೊಳಗೆ ಲ್ಯಾನ್ಸ್‌ಬರಿ ಮನೆಯಲ್ಲಿ ಸಾವು. ಸೊಸೆ ಮಿನ್ನಿ ಜ್ವರ ಬಂದು, ನ್ಯುಮೋನಿಯಾಕ್ಕೆ ತಿರುಗಿ 1922ರ ಜನವರಿ 1ರಂದು ತೀರಿಕೊಂಡರು. ವಯಸ್ಸು 32. ಶಾಲೆ ಟೀಚರ್ ಆಗಿದ್ದವರು, ಯುದ್ಧದಲ್ಲಿ ಗಂಡನನ್ನು ಕಳಕೊಂಡ ಹೆಂಗಸರಿಗೆ ಪಿಂಚಣಿ ಕೊಡಿಸೋಕೆ ಓಡಾಡಿದವರು. ಜೈಲಿನಲ್ಲೇ ಆರೋಗ್ಯ ಕೆಟ್ಟಿತ್ತು ಅಂತ ಜನ ನಂಬಿದರು. ಅವರ ನೆನಪಿಗೆ ಬೋ ರಸ್ತೆಯಲ್ಲಿ ಹಾಕಿದ ಗಡಿಯಾರ ಈಗಲೂ ಇದೆ.

ಇನ್ನೊಂದು ಪೆಟ್ಟು ಲೆಕ್ಕಪರಿಶೋಧನೆಯಿಂದ ಬಂತು. 1921ರ ನಂತರ ಸಾಮಾನುಗಳ ಬೆಲೆ ಇಳಿಯಿತು, ಬೇರೆ ಕಡೆ ಕೂಲಿಯೂ ಇಳಿಯಿತು. ಪಾಪ್ಲರ್ ಮಾತ್ರ 4 ಪೌಂಡ್ ಸಂಬಳ ಇಳಿಸಲಿಲ್ಲ. ಆಡಿಟರ್ ಇದು ಅತಿಯಾಯಿತು ಅಂತ 5,000 ಪೌಂಡ್ ಖರ್ಚನ್ನು ಒಪ್ಪದೆ, ಅದನ್ನು ಕೌನ್ಸಿಲರ್‌ಗಳೇ ಕೈಯಿಂದ ತುಂಬಬೇಕು ಅಂತ ಬರೆದರು. ಕೇಸು ಕೋರ್ಟಿಂದ ಕೋರ್ಟಿಗೆ ಹೋಯಿತು. ಒಂದು ಕಡೆ ಆಡಿಟರ್ ಗೆದ್ದರು, ಮೇಲ್ಮನವಿಯಲ್ಲಿ ಕೌನ್ಸಿಲ್ ಗೆದ್ದಿತು. ಕೊನೆಗೆ 1925ರಲ್ಲಿ ಹೌಸ್ ಆಫ್ ಲಾರ್ಡ್ಸ್ ಆಡಿಟರ್ ಪರ ತೀರ್ಪು ಕೊಟ್ಟಿತು. ಕೌನ್ಸಿಲ್ ಕೈಯಲ್ಲಿರೋದು ಕಂದಾಯ ಕಟ್ಟೋರ ದುಡ್ಡು, ಮನಸ್ಸಿಗೆ ಬಂದ ಹಾಗೆ ಧಾರಾಳ ಮಾಡೋ ಹಾಗಿಲ್ಲ ಅನ್ನೋದು ಅದರ ಸಾರ. ರಾಬರ್ಟ್ಸ್ ಮತ್ತು ಹಾಪ್‌ವುಡ್ ಅನ್ನೋ ಹೆಸರಿನ ಈ ಕೇಸನ್ನು ಕಾನೂನು ಓದೋ ಹುಡುಗರು ಇವತ್ತಿಗೂ ಓದ್ತಾರೆ.

ಜನರಿಂದ ಗೆದ್ದ ಕೌನ್ಸಿಲ್ಲಿಗೆ ಸಂಬಳ ಎಷ್ಟು ಅಂತ ತೀರ್ಮಾನ ಮಾಡೋ ಹಕ್ಕು ಇದೆಯಾ, ಆಡಿಟರ್‌ಗೆ ಇದೆಯಾ? ಈ ಜಗಳ ಅಲ್ಲಿಗೇ ಮುಗಿದಿಲ್ಲ. 1980ರ ದಶಕದಲ್ಲಿ ಲಿವರ್‌ಪೂಲ್ ಮತ್ತು ಲಂಡನ್ನಿನ ಲ್ಯಾಂಬೆತ್ ಕೌನ್ಸಿಲರ್‌ಗಳು ಸರ್ಕಾರದ ಎದುರು ನಿಂತಾಗ ಎಲ್ಲರ ಬಾಯಲ್ಲೂ ಬಂದಿದ್ದು ಪಾಪ್ಲರ್ ಹೆಸರೇ. ಅವರು ಪಾಪ್ಲರ್ ಥರ ಗೆಲ್ಲಲಿಲ್ಲ. ದಂಡ ಬಿತ್ತು, ಸ್ಥಾನವೂ ಹೋಯಿತು.

ನಮ್ಮ ದೇಶದ ನಂಟು

1922ರಲ್ಲಿ ಲ್ಯಾನ್ಸ್‌ಬರಿ ಮತ್ತೆ ಬೋ ಅಂಡ್ ಬ್ರಾಮ್ಲಿಯಿಂದ ಎಂಪಿ ಆದರು. ಸಾಯೋ ತನಕ ಆ ಕ್ಷೇತ್ರದ ಜನ ಅವರ ಕೈ ಬಿಡಲಿಲ್ಲ. ಭಾರತಕ್ಕೆ ಸ್ವಯಮಾಡಳಿತ ಕೊಡಬೇಕು ಅಂತ ಆನಿ ಬೆಸೆಂಟ್ ಮತ್ತು ಇಲ್ಲಿನ ನಾಯಕರು ತಯಾರಿಸಿದ ಕಾಮನ್‌ವೆಲ್ತ್ ಆಫ್ ಇಂಡಿಯಾ ಮಸೂದೆಯನ್ನು 1925ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಮಂಡಿಸಿದ್ದು ಇದೇ ಲ್ಯಾನ್ಸ್‌ಬರಿ. ಅದು ಪಾಸಾಗಲಿಲ್ಲ, ಆದರೆ ಮಂಡಿಸೋಕೆ ಒಬ್ಬರು ಬೇಕಿತ್ತಲ್ಲ.

1931ರಲ್ಲಿ ದುಂಡುಮೇಜಿನ ಸಭೆಗೆ ಹೋದ ಗಾಂಧೀಜಿ ದೊಡ್ಡ ಹೋಟೆಲಿನಲ್ಲಿ ಇಳಿಯಲಿಲ್ಲ. ಬೋ ಪ್ರದೇಶದ ಕಿಂಗ್ಸ್‌ಲಿ ಹಾಲ್‌ನಲ್ಲಿ, ಬಡವರ ನಡುವೆ ಉಳಿದರು. ಅದು ಪಾಪ್ಲರ್ ಬರೋ ಒಳಗೇ, ಲ್ಯಾನ್ಸ್‌ಬರಿಯವರ ಕ್ಷೇತ್ರ. ಗಾಂಧೀಜಿಯನ್ನು ಅಲ್ಲಿಗೆ ಕರೆದ ಮ್ಯೂರಿಯಲ್ ಲೆಸ್ಟರ್ ಕೂಡ 1920ರ ದಶಕದಲ್ಲಿ ಪಾಪ್ಲರ್ ಕೌನ್ಸಿಲ್ಲಿನಲ್ಲಿ ತಾಯಿ-ಮಕ್ಕಳ ಆರೋಗ್ಯದ ಕೆಲಸ ನೋಡಿಕೊಂಡವರು.

ಇನ್ನೊಂದು ನಂಟು. ಪಕ್ಕದ ಸ್ಟೆಪ್ನಿ ಬರೋಗೆ 1919ರಲ್ಲಿ ಮೇಯರ್ ಆಗಿದ್ದವರು ಕ್ಲೆಮೆಂಟ್ ಆಟ್ಲಿ. ಮುಂದೆ ಲ್ಯಾನ್ಸ್‌ಬರಿ ಕೆಳಗೆ ಉಪನಾಯಕರಾಗಿ ಕೆಲಸ ಕಲಿತರು. 1947ರಲ್ಲಿ ನಮಗೆ ಸ್ವಾತಂತ್ರ್ಯ ಬಂದಾಗ ಬ್ರಿಟನ್ ಪ್ರಧಾನಿ ಅದೇ ಆಟ್ಲಿ.

ಮಂತ್ರಿಯಾದರೂ ಕೆರೆಯದ್ದೇ ಚಿಂತೆ

1929ರಲ್ಲಿ ಲೇಬರ್ ಸರ್ಕಾರ ಬಂದಾಗ ಲ್ಯಾನ್ಸ್‌ಬರಿಗೆ ಸರ್ಕಾರಿ ಕಟ್ಟಡ, ಪಾರ್ಕುಗಳ ಖಾತೆ ಸಿಕ್ಕಿತು. ದೊಡ್ಡ ಖಾತೆ ಏನಲ್ಲ. ಅದರಲ್ಲೇ ಅವರು ಲಂಡನ್ನಿನ ಹೈಡ್ ಪಾರ್ಕ್ ಕೆರೆಯಲ್ಲಿ ಹೆಂಗಸರು, ಗಂಡಸರು, ಮಕ್ಕಳು ಎಲ್ಲರೂ ಈಜೋಕೆ ಜಾಗ ಮಾಡಿಸಿದರು. ಸಮುದ್ರ ತೀರಕ್ಕೆ ಹೋಗೋಕೆ ದುಡ್ಡಿಲ್ಲದವರು ಅಲ್ಲಿಗೆ ಬಂದರು. ಜನ ಅದಕ್ಕೆ ಅವರ ಹೆಸರನ್ನೇ ಇಟ್ಟು ಕರೆದರು.

1931ರಲ್ಲಿ ಇಡೀ ದೇಶದ ಬಜೆಟ್ಟೇ ಕೊರತೆಗೆ ಬಿತ್ತು. ನಿರುದ್ಯೋಗಿಗಳ ಭತ್ಯೆ ಕಡಿತ ಮಾಡೋ ಪ್ರಶ್ನೆ ಬಂದಾಗ ಸಂಪುಟ ಒಡೆದು ಸರ್ಕಾರ ಬಿತ್ತು. ಕಡಿತ ಬೇಡ ಅಂದವರಲ್ಲಿ ಲ್ಯಾನ್ಸ್‌ಬರಿ ಒಬ್ಬರು. ಅದಾದ ಮೇಲೆ ನಡೆದ ಚುನಾವಣೆಯಲ್ಲಿ ಪಕ್ಷ ನೆಲಕಚ್ಚಿತು, ದೊಡ್ಡ ದೊಡ್ಡವರೆಲ್ಲ ಸೋತರು. ಗೆದ್ದು ಬಂದ ಹಿರಿಯರು ಇವರೊಬ್ಬರೇ ಅನ್ನೋ ಸ್ಥಿತಿ. 70 ದಾಟಿದ ವಯಸ್ಸಿನಲ್ಲಿ ಪಕ್ಷದ ನಾಯಕರಾದರು.

ನಾಯಕತ್ವ 1935ರಲ್ಲಿ ಹೋಯಿತು. ಲ್ಯಾನ್ಸ್‌ಬರಿ ಯಾವ ಕಾರಣಕ್ಕೂ ಯುದ್ಧ ಬೇಡ ಅನ್ನೋರು. ಇಟಲಿಯ ಮುಸೊಲಿನಿ ಅಬಿಸೀನಿಯಾ ಮೇಲೆ ಬಿದ್ದ ಹೊತ್ತಲ್ಲಿ ಪಕ್ಷಕ್ಕೆ ಆ ಮಾತು ರುಚಿಸಲಿಲ್ಲ. ಬ್ರೈಟನ್ ಅಧಿವೇಶನದಲ್ಲಿ ಕಾರ್ಮಿಕ ನಾಯಕ ಅರ್ನೆಸ್ಟ್ ಬೆವಿನ್ ಎಲ್ಲರ ಎದುರು ಕಟುವಾಗಿ ಟೀಕೆ ಮಾಡಿದರು. ಲ್ಯಾನ್ಸ್‌ಬರಿ ರಾಜೀನಾಮೆ ಕೊಟ್ಟರು. ಆಮೇಲೆ 1937ರಲ್ಲಿ ಹಿಟ್ಲರ್‌ನನ್ನೂ ಮುಸೊಲಿನಿಯನ್ನೂ ಹೋಗಿ ಮಾತಾಡಿಸಿ ಶಾಂತಿಗೆ ಒಪ್ಪಿಸಬಹುದು ಅಂತ ನಂಬಿದರು. ಅದು ತಪ್ಪು ಲೆಕ್ಕ ಅಂತ ಎರಡೇ ವರ್ಷದಲ್ಲಿ ಜಗತ್ತಿಗೇ ಗೊತ್ತಾಯಿತು. ಅದರ ನಡುವೆ 1936ರಲ್ಲಿ ಪಾಪ್ಲರ್ ಜನ ಅವರನ್ನು ಮತ್ತೊಮ್ಮೆ ಮೇಯರ್ ಮಾಡಿದ್ದರು.

1940ರ ಮೇ 7ರಂದು, ಯುದ್ಧ ನಡೀತಿರುವಾಗಲೇ, 81ನೇ ವಯಸ್ಸಿನಲ್ಲಿ ತೀರಿಕೊಂಡರು. ಹೆಂಡತಿ ಬೆಸ್ಸಿ 1933ರಲ್ಲೇ ಹೋಗಿದ್ದರು. ಬೋ ರಸ್ತೆಯಲ್ಲಿ ಅವರಿದ್ದ 39ನೇ ನಂಬರಿನ ಮನೆ ಬಾಂಬ್ ದಾಳಿಯಲ್ಲಿ ನಾಶವಾಯಿತು. ಯುದ್ಧದ ಮೇಲೆ ಪಾಪ್ಲರ್‌ನಲ್ಲಿ ಕಟ್ಟಿದ ಹೊಸ ಬಡಾವಣೆಗೆ ಲ್ಯಾನ್ಸ್‌ಬರಿ ಎಸ್ಟೇಟ್ ಅಂತ ಹೆಸರಿಟ್ಟರು. 1951ರಲ್ಲಿ ಅದನ್ನು ನೋಡೋಕೆ ದೇಶದ ಮೂಲೆಮೂಲೆಯಿಂದ ಜನ ಬಂದರು. ಅದರ ನಡುವೆ ಕ್ರಿಸ್ಪ್ ಸ್ಟ್ರೀಟ್ ಅನ್ನೋ ಸಂತೆ, ಗಾಡಿ ಓಡಾಟ ಇಲ್ಲದೆ ಜನ ನಡೆದೇ ವ್ಯಾಪಾರ ಮಾಡೋ ಹಾಗೆ ಕಟ್ಟಿದ ಮಾರುಕಟ್ಟೆ. ಹಾಲಿವುಡ್ ನಟಿ ಏಂಜೆಲಾ ಲ್ಯಾನ್ಸ್‌ಬರಿ ಇವರ ಮೊಮ್ಮಗಳು, ಮಗ ಎಡ್ಗರ್ ಎರಡನೇ ಮದುವೆಯ ಮಗಳು.

ಹಾಗಂತ ನಮ್ಮ ಕೌನ್ಸಿಲರ್‌ಗಳು ನಾಳೆ ಜೈಲಿಗೆ ಹೋಗಲಿ ಅಂತ ಯಾರೂ ಹೇಳ್ತಿಲ್ಲ. ನಮ್ಮಲ್ಲಿ ಕಾನೂನು ಬೇರೆ. ಯಾವ ಊರಿಗೆ ಎಷ್ಟು ಪಾಲು ಸಿಗಬೇಕು ಅಂತ ಶಿಫಾರಸು ಮಾಡೋಕೆ ಸಂವಿಧಾನದ 73 ಮತ್ತು 74ನೇ ತಿದ್ದುಪಡಿ ಪ್ರಕಾರ 5 ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ಆಗಬೇಕು. ನಮ್ಮ ತಾಲೂಕು ಪಂಚಾಯಿತಿಗೆ ಸ್ವಂತ ತೆರಿಗೆ ಹಾಕೋ ಅಧಿಕಾರವೇ ಇಲ್ಲ, ಬಂದ ಅನುದಾನದಲ್ಲೇ ನಡೀಬೇಕು. ಪುರಸಭೆಗೆ ಅಧಿಕಾರ ಇದೆ, ಆದರೆ ಸಂತೆ ಊರಿನ ಕಂದಾಯಕ್ಕೂ ದೊಡ್ಡ ನಗರದ ಕಂದಾಯಕ್ಕೂ ಎಲ್ಲಿಂದ ಎಲ್ಲಿಗೆ?

ಬಜೆಟ್ ಪೂರ್ವಭಾವಿ ಸಭೆಗೆ ವರ್ತಕರನ್ನು, ಸಾರ್ವಜನಿಕರನ್ನು ಕರೀತಾರೆ. ಹೋಗೋರು ಕಡಿಮೆ. ಈ ಸಲ ಹೋಗಿ. ಕೊರತೆ ಎಷ್ಟು ಅಂತ ಅವರೇ ಓದಿ ಹೇಳ್ತಾರೆ. ಅದರಲ್ಲಿ ನಮ್ಮ ಊರಿನ ಖರ್ಚಿನಿಂದ ಆಗಿದ್ದು ಎಷ್ಟು, ಮೇಲಿಂದ ಬರಬೇಕಾದ್ದು ಬಾರದೆ ಆಗಿದ್ದು ಎಷ್ಟು ಅಂತ ಕೇಳಬೇಕಾದವರು ನಾವು. ಪಾಪ್ಲರ್ ಜನ ಮೊದಲು ಕೇಳಿದ್ದು ಆ ಪ್ರಶ್ನೆಯನ್ನೇ. ಬ್ಯಾಂಡ್ ಸೆಟ್ಟು ಬಂದಿದ್ದು ಆಮೇಲೆ.